ದುಂಡು ಕತ್ತಿನ ಷೇರು

ನಮ್ಮ ಮನೆಯವರು ದರ್ಜಿ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಟೇಪು ಹಿಡಿಯುವ ಮೊದಲೇ ಭುಜದ ಅಳತೆ ಹೇಳಿಬಿಡುತ್ತಾರೆ. ಆ ಕಣ್ಣೇ ಈ ಸಲ ನಮ್ಮನ್ನು ಮುಳುಗಿಸಲು ಹೊರಟಿತ್ತು ನೋಡಿ.

ಪಕ್ಕದ ಕನ್ನಡಕದ ಅಂಗಡಿಯವನು ಒಂದು ದಿನ ಮೊಬೈಲಿನಲ್ಲಿ ಷೇರಿನ ಬೆಲೆಯ ಗೆರೆ ತೋರಿಸಿದ. ಗೆರೆ ಜಾರಿ ಇಳಿದು, ಬಾಗಿ, ಮತ್ತೆ ಮೇಲೆ ಬಂದಿತ್ತು. ಇವರಿಗೆ ಅದು ಅಂಗಿಯ ದುಂಡು ಕತ್ತಿನ ಹಾಗೆ ಕಂಡಿತು. ಆಮೇಲೆ ಬೆಲೆ ಏರಿತ್ತು ಬೇರೆ. ಸರಿ, ಕಂದು ಕಾಗದದಲ್ಲಿ ಅದೇ ಆಕಾರ ಕತ್ತರಿಸಿಕೊಂಡರು. ದಿನಾ ಸಂಜೆ ಅದನ್ನು ಮೊಬೈಲಿನ ಮೇಲಿಟ್ಟು ಹುಡುಕುವುದೇ ಕೆಲಸವಾಯಿತು. ಕತ್ತು ಕೂತ ಕಡೆಯೆಲ್ಲ ಬೆಲೆ ಏರುತ್ತದಂತೆ. ಏರದೆ ಬಿದ್ದ ಕಡೆ ತೋರಿಸಿದರೆ, ಅಲ್ಲಿ ಕತ್ತು ಸರಿಯಾಗಿ ಕೂತಿರಲಿಲ್ಲ ಬಿಡು ಅನ್ನುತ್ತಿದ್ದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಅಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮಗಳ ನರ್ಸಿಂಗ್ ಕಾಲೇಜಿನ ಫೀಸನ್ನು ಹತ್ತು ದಿನದಲ್ಲಿ ಕಟ್ಟಬೇಕಿತ್ತು. ಎರಡು ವರ್ಷ ಗುಂಡಿ ಹೊಲಿದು ನಾನು ಕೂಡಿಸಿದ ದುಡ್ಡದು. ಅದನ್ನು ಒಂದು ವಾರ ಷೇರಿಗೆ ಹಾಕಿ, ಬೆಳೆಸಿ, ಆಮೇಲೆ ಕಟ್ಟೋಣ ಅಂದರು.

ನಾನು ಬೇಡವೆಂದರೆ ಕೇಳುವವರಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವರ ಅಕ್ಕನನ್ನು ಕರೆಸಿದೆ. ಅತ್ತಿಗೆ ಬಂದವರು ಜಗಳವಾಡಲಿಲ್ಲ. ತಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮಗಳನ್ನು ಕರೆದುಕೊಂಡು ಒಳಕೋಣೆಗೆ ಹೋದರು. ಒಂದು ಗಂಟೆಯ ಮೇಲೆ ಮಗಳು ಚೌಕುಳಿ ಹಾಳೆಯೊಂದನ್ನು ತಂದು ಅಪ್ಪನ ಮುಂದೆ ಹರಡಿದಳು. ಅದರ ಮೇಲೊಂದು ಗೆರೆ ಏರುತ್ತ ಇಳಿಯುತ್ತ ಸಾಗಿತ್ತು.

ಇವರು ತಮ್ಮ ಕಂದು ಕಾಗದವನ್ನು ಅದರ ಮೇಲೆ ಸರಿಸುತ್ತ ಹೋದರು. ಮುಖ ಅರಳಿತು.

"ಇಲ್ಲಿ ಕೂತಿದೆ, ಏರಿದೆ. ಇಲ್ಲೂ ಅಷ್ಟೇ. ಕೊನೇಲೂ ಈಗ ಕತ್ತು ಕೂಡ್ತಾ ಇದೆ ಅಕ್ಕ, ಇದು ಏರೇ ಏರತ್ತೆ. ಯಾವ ಕಂಪನಿ ಹೇಳು, ದುಡ್ಡು ಇದಕ್ಕೇ ಹಾಕ್ತೀನಿ."

ಮಗಳು ಅಂಗೈ ಬಿಚ್ಚಿದಳು. ಒಂದು ನಾಣ್ಯವಿತ್ತು.

"ಇದೇ ಅಪ್ಪ ಕಂಪನಿ. ಹೆಡ್ ಬಿದ್ರೆ ಗೆರೆ ಒಂದು ಮನೆ ಮೇಲೆ, ಟೇಲ್ ಬಿದ್ರೆ ಒಂದು ಮನೆ ಕೆಳಗೆ. ಇನ್ನೂರು ಸಲ ಹಾರಿಸ್ದೆ. ನನ್ನ ಫೀಸು ಇದರ ಮೇಲೆ ಹಾಕ್ತೀರಾ?"

ಇವರು ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ತಿರುಗಿಸುತ್ತ ಕೂತರು. ಪಾಪ ಅನ್ನಿಸಿತು ನನಗೆ.

ಅತ್ತಿಗೆ ಆಗ ಬಾಯಿಬಿಟ್ಟರು. "ಗೆರೆ ನೋಡೋದು ತಪ್ಪಲ್ಲ ಕಣೋ. ಆದ್ರೆ ಕಾಗೆ ಕೂತಾಗ ಕೊಂಬೆ ಮುರಿದ್ರೆ ಕಾಗೇನೇ ಮುರೀತು ಅಂತೀಯಾ? ಏರತ್ತೆ ಅನ್ನಿಸಿದ್ದನ್ನ ಮುಂಚೇನೇ ತಾರೀಖು ಹಾಕಿ ಬರೆದಿಡು. ಸರಿ ಹೋಗಿದ್ದನ್ನೂ ಎಣಿಸು, ತಪ್ಪಿದ್ದನ್ನೂ ಎಣಿಸು. ದುಡ್ಡಿನ ಮಾತು ಆಮೇಲೆ."

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅಪ್ಪ ಮಗಳು ಹೋಗಿ ಫೀಸು ಕಟ್ಟಿ ಬಂದರು. ಇವರು ಸೋಲೊಪ್ಪುವ ಆಸಾಮಿಯಲ್ಲ. ಎರಡು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಊಹೆಗಳನ್ನು ಬರೆದರು. ಇಪ್ಪತ್ತರಲ್ಲಿ ಒಂಬತ್ತು ಸರಿ, ಹನ್ನೊಂದು ತಪ್ಪು. ಕಂದು ಕಾಗದ ತಾನಾಗಿಯೇ ಚಿಂದಿಬುಟ್ಟಿ ಸೇರಿತು.

ಅಣ್ಣಂದಿರೇ, ಅಕ್ಕಂದಿರೇ, ಹಿಂದೆ ಏರಿದ ಗೆರೆ ತೋರಿಸಿ ಯಾರಾದರೂ ಆಸೆ ಹುಟ್ಟಿಸಿದರೆ, ತಪ್ಪಿದ ಊಹೆಗಳ ಪಟ್ಟಿ ಎಲ್ಲಿ ಎಂದು ಕೇಳಿ. ಫೀಸು, ಬಾಡಿಗೆ, ಔಷಧಿ ಎಂದು ತೆಗೆದಿಟ್ಟ ಹಣವನ್ನು ಕನ್ನಡಿಯೊಳಗಿನ ಗಂಟಿಗಾಗಿ ಕಳೆಯಬೇಡಿ. ನಿಮ್ಮ ಕಣ್ಣಿನ ಮೇಲೆ ಅಷ್ಟೊಂದು ನಂಬಿಕೆಯಿದ್ದರೆ, ಇವತ್ತು ಮನೆಯ ಮಕ್ಕಳ ಕೈಗೆ ಒಂದು ನಾಣ್ಯ, ಒಂದು ಚೌಕುಳಿ ಹಾಳೆ ಕೊಡಿ. ಅವರು ಬರೆದ ಗೆರೆಯಲ್ಲಿ ನೀವು ಕಂಡ ಆಕಾರ ಸಿಗದಿದ್ದರೆ ಆಮೇಲೆ ನನ್ನನ್ನು ಕೇಳಿ.