ತಿಳಿಯಾಗಿ ಉಳಿದ ಸಾಲು

೧೯೯೮ರಲ್ಲಿ ನಾನು ಪುಣೆಯ ಒಂದು ಪ್ರಯೋಗಾಲಯದಲ್ಲಿ ರಂಜನಾ ಮೇಡಂ ಅವರ ಸಹಾಯಕಿಯಾಗಿದ್ದೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಇದನ್ನು ತಡೆಯುವ ಔಷಧಿಗಾಗಿ ಮೇಡಂ ಮೂರು ವರ್ಷದಿಂದ ಹುಡುಕುತ್ತಿದ್ದರು. ಪ್ರೋಟೀನು, ಸಕ್ಕರೆ ಬೆರೆಸಿದ ನಳಿಕೆಗಳನ್ನು ಮೈಬಿಸಿಯಷ್ಟು ಕಾವಿರುವ ಎರಡು ಪೆಟ್ಟಿಗೆಗಳಲ್ಲಿ ಇಟ್ಟಿದ್ದೆವು: ಒಂದರಲ್ಲಿ ಔಷಧಿ ಹಾಕಿದವು, ಇನ್ನೊಂದರಲ್ಲಿ ಹಾಕದವು. ಎಂಟು ವಾರಗಳ ಬಳಿಕ ಔಷಧಿಯಿಲ್ಲದವು ಕಂದಾಗಿದ್ದವು, ಔಷಧಿ ಹಾಕಿದವು ತಿಳಿಯಾಗಿದ್ದವು. ಮೇಡಂ ಎಲ್ಲರಿಗೂ ಪೇಢೆ ತರಿಸಿದರು.

ನಾನು ಪೇಢೆ ತಿನ್ನದೆ ಮೇಜಿನ ಮೇಲಿಟ್ಟೆ. ಪುಣೆಯ ಧನಕವಡಿಯಲ್ಲಿ ಅಪ್ಪನ ಹಿಟ್ಟಿನ ಗಿರಣಿಯಿದೆ. ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಅದನ್ನು ನಿಲ್ಲಿಸಿಯೇ ಪೂಜೆ ಮಾಡುತ್ತೇವೆ. ಆ ಎಂಟು ವಾರಗಳ ನಡುವೆ ಹಬ್ಬ ಬಂದಾಗ, ಅದೇ ರೂಢಿಯಲ್ಲಿ ನಾನು ಔಷಧಿಯ ನಳಿಕೆಗಳಿದ್ದ ಹೊಸ ಪೆಟ್ಟಿಗೆಯ ಸ್ವಿಚ್ ಆರಿಸಿ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿದ್ದೆ. ಮೂರು ದಿನದ ರಜೆ ಮುಗಿಸಿ ಬಂದು, ಸದ್ದಿಲ್ಲದೆ ಮತ್ತೆ ಹಚ್ಚಿದ್ದೆ. ಕಾವು ಕಡಿಮೆಯಾದರೆ ಬಣ್ಣ ತಿರುಗುವುದೂ ನಿಧಾನ; ತಣ್ಣಗಿದ್ದುದರಿಂದಲೇ ಆ ನಳಿಕೆಗಳು ತಿಳಿಯಾಗಿ ಉಳಿದಿದ್ದರೆ?

ಪೆಟ್ಟಿಗೆ ಆರಿಸಿದ್ದನ್ನು ಬರೆದಿಟ್ಟಿದ್ದ ನನ್ನ ಡೈರಿಯ ಪುಟ ತೆರೆದು ಮೇಡಂ ಮುಂದಿಟ್ಟೆ.

ಅವರು ಓದಿ ಡೈರಿ ಮುಚ್ಚಿದರು. ಆಮೇಲೆ, "ಮಷೀನಿಗೂ ರಜಾ ಕೊಟ್ಟಿಯೇನವಾ?" ಎಂದರು. "ಇರ್ಲಿ. ಈ ಸಲ ಎರಡೂ ಒಂದ ಪೆಟ್ಟಿಗ್ಯಾಗ ಇಡು. ಸುಳ್ಳಾಗೂದಿದ್ರ ನಮ್ಮ ಕೈಯಾಗ ಸುಳ್ಳಾಗ್ಲಿ."

ಮತ್ತೆ ಎಂಟು ವಾರ ಕಾದೆವು. ಸಂಕ್ರಾಂತಿಯ ಮರುದಿನ ಮೇಡಂ ಪೆಟ್ಟಿಗೆಯ ಬಾಗಿಲು ತೆರೆದರು. ಒಂದು ಸಾಲು ಚಹಾದ ಬಣ್ಣಕ್ಕೆ ತಿರುಗಿತ್ತು. ಅದೇ ಕಾವಿನಲ್ಲಿದ್ದ ಔಷಧಿಯ ಸಾಲು ನೀರಿನಂತೆ ತಿಳಿಯಾಗಿತ್ತು.

"ಈಗರ ಬಾಯಿ ಸಿಹಿ ಮಾಡ್ಕೋ," ಎಂದು ಮೇಡಂ ಎಳ್ಳುಂಡೆ ಕೊಟ್ಟರು.

ತಿಂದೆ. "ಇನ್ನೊಂದು ಕೊಡ್ರಿ, ಮೇಡಂ," ಎಂದೆ.