ಬಲಗಡೆ ಸೀಟಿನ ಕಣ್ಣು

ನಾನು ಒಂದು ಕಾರು. ಬರೀ ಕಾರು ಅಂದರೆ ನನಗೇ ಸಮಾಧಾನವಿಲ್ಲ. ಅಮೆರಿಕದ ಡೆಟ್ರಾಯಿಟ್ ಕಡೆಯ ಒಂದು ಕಾರ್ಖಾನೆಯಲ್ಲಿ, ಅರವತ್ತೇಳನೇ ಇಸವಿಯಲ್ಲಿ, ಎಂಟು ಸಿಲಿಂಡರಿನ ಎಂಜಿನ್ ಹೊತ್ತು ಹುಟ್ಟಿದ ಗಾಡಿ ನಾನು. ಉದ್ದ ಮೂತಿ, ಎರಡೇ ಬಾಗಿಲು, ಕಡು ಹಸಿರು ಬಣ್ಣ. ಆಗ ಅಲ್ಲಿ ಪೆಟ್ರೋಲಿಗೆ ಬರವಿರಲಿಲ್ಲ. ನಮ್ಮ ತಲೆಮಾರಿಗೆ ಕುಡಿಯುವುದು, ಗುಡುಗುವುದು, ಓಡುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಸೊಕ್ಕು ಎಂದರೂ ಸರಿಯೇ, ಒಪ್ಪಿಕೊಳ್ಳುತ್ತೇನೆ.

ಅಮೆರಿಕದ ಅಧಿಕಾರಿಯೊಬ್ಬ ನನ್ನನ್ನು ಹಡಗಿನಲ್ಲಿ ಮದ್ರಾಸಿಗೆ ತಂದ. ವಾಪಸು ಹೋಗುವಾಗ ಹರಾಜಿಗೆ ಬಿಟ್ಟು ಹೋದ, ತಿರುಗಿಯೂ ನೋಡಲಿಲ್ಲ. ಬಳ್ಳಾರಿಯಲ್ಲಿ ಹತ್ತಿ ಮಿಲ್ಲು ಇಟ್ಟಿದ್ದ ಸಾವಕಾರ ಕೊಟ್ರಬಸಪ್ಪನವರು ನನ್ನನ್ನು ಕೊಂಡರು. ಬಳ್ಳಾರಿಯ ಜನ ನನ್ನ ಎಂಜಿನ್ನಿನ ಲೆಕ್ಕ ಕೇಳಿ ‘ಎಂಟೆತ್ತಿನ ಗಾಡಿ’ ಎಂದು ಹೆಸರಿಟ್ಟರು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ರೂಢಿಯಾಯಿತು.

ನನ್ನಲ್ಲೊಂದು ಐಬು ಇತ್ತು. ನನ್ನ ಸ್ಟೀರಿಂಗ್ ಎಡಗಡೆ. ಅಮೆರಿಕದ ರಸ್ತೆಗೆ ಅದು ಸರಿ. ನಮ್ಮಲ್ಲಿ ರಸ್ತೆಯ ಎಡಕ್ಕೆ ಹೋಗಬೇಕು, ಹಾಗಾಗಿ ಮುಂದಿನ ಲಾರಿಯನ್ನು ದಾಟುವ ಹೊತ್ತಿಗೆ ಎದುರಿಂದ ಏನು ಬರುತ್ತಿದೆಯೆಂದು ಓಡಿಸುವವರಿಗೆ ಕಾಣುವುದೇ ಇಲ್ಲ. ಬಲಗಡೆ ಕೂತವರು ನೋಡಿ ಹೇಳಬೇಕು. ಆ ಸೀಟು ಮೆಕ್ಯಾನಿಕ್ ದಾದಾಪೀರನದು. ಅವನು ಕಿಟಕಿಯಾಚೆ ಕತ್ತು ಚಾಚಿ “ತಡ್ರಿ” ಎಂದರೆ ಸಾವಕಾರರು ತಡೆಯುತ್ತಿದ್ದರು, “ಹೋಗ್ರಿ” ಎಂದರೆ ಕಣ್ಣು ಮುಚ್ಚಿ ಆಕ್ಸಿಲರೇಟರ್ ಒತ್ತುತ್ತಿದ್ದರು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಬೇರೆ ಮೆಕ್ಯಾನಿಕ್ಕುಗಳು ಸಾವಕಾರರ ಗೇಟಿನ ಹೊರಗೆ ನಿಲ್ಲುತ್ತಿದ್ದರು. ದಾದಾಪೀರ ಮಾತ್ರ ಅವರ ಪಕ್ಕದಲ್ಲಿ ಕೂತು ಮದುವೆ ಮನೆಗಳಿಗೆ ಹೋಗುತ್ತಿದ್ದ. ಊರೊಳಗೆ ಬಂದ ಕೂಡಲೇ ಅವನ ಮೊಣಕೈ ತಾನಾಗಿ ಕಿಟಕಿಯ ಮೇಲೆ ಬರುತ್ತಿತ್ತು.

ಕಾರ್ಖಾನೆ ನನಗಿಟ್ಟ ಹೆಸರನ್ನೇ ಹೊತ್ತು ಹುಟ್ಟಿದ ಮುಂದಿನ ತಲೆಮಾರುಗಳನ್ನು ನಾನು ಪತ್ರಿಕೆಗಳ ಚಿತ್ರದಲ್ಲಿ ಕಂಡೆ. ಸಾವಕಾರರು ಅವನ್ನು ತರಿಸಿ ದಾದಾಪೀರನಿಗೆ ತೋರಿಸುತ್ತಿದ್ದರು. ಅಮೆರಿಕದಲ್ಲಿ ಪೆಟ್ರೋಲು ತುಟ್ಟಿಯಾಗಿ, ಎರಡನೇ ತಲೆಮಾರು ನಾಲ್ಕು ಸಿಲಿಂಡರಿಗೂ ಇಳಿದಿತ್ತು. ನಾಚಿಕೆಯಾಯಿತು. ಮೂರನೆಯದು ಚೌಕ ಚೌಕ.

“ಇದರ ಮಾರಿ ನೋಡ್ರಿ ಸಾವಕಾರ್ರ, ಟ್ರಂಕ್ ಇದ್ದಂಗೈತಿ!” ಎಂದು ದಾದಾಪೀರ ನಕ್ಕಿದ್ದ.

ನಾಲ್ಕನೆಯದರ ಚಿತ್ರ ಬಂದಾಗ ಅವನು ಅದನ್ನು ಮೂಗಿನ ಹತ್ತಿರ ಹಿಡಿದು “ಇದು ಚಲೋ ಐತ್ರಿ” ಎಂದ. ಪತ್ರಿಕೆ ತಲೆಕೆಳಗಾಗಿತ್ತು. ಸಾವಕಾರರು ತಮಾಷೆಯೆಂದು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಅವನು ನಟ್ಟು ಬಿಚ್ಚುವ ಪಾನಾಗಳನ್ನು ಬೆರಳಿನಿಂದ ಸವರಿ ಅಳತೆ ಗುರುತಿಸುವುದನ್ನು ನಾನು ಆಗಲೇ ನೋಡಿದ್ದೆ. ಸಕ್ಕರೆ ಕಾಯಿಲೆ ಅವನ ಕಣ್ಣನ್ನು ತಿನ್ನುತ್ತಿತ್ತು. ಒಂದು ಮಧ್ಯಾಹ್ನ ನನ್ನ ಬಾನೆಟ್ಟಿನೊಳಗೆ ತಲೆ ಹಾಕಿ, ತನಗೆ ತಾನೇ ಅಂದುಕೊಂಡ:

“ಹೇಳಿದ್ರ ಸೀಟು ಹೋತು. ಸೀಟು ಹೋದ್ರ ನಾನೂ ಗೇಟಿನ ಹೊರಗ.”

ತೊಂಬತ್ತೆಂಟರ ಬೇಸಿಗೆ. ಸಾವಕಾರರ ಮಗಳು ಶೈಲಜಾ ಹೊಸಪೇಟೆಯಲ್ಲಿ ಡಿಗ್ರಿಯ ಕೊನೆಯ ಪರೀಕ್ಷೆ ಬರೆದಿದ್ದಳು. ಅವಳನ್ನು ಕರೆತರಲು ನಾವು ಮೂವರೂ ಹೋದೆವು. ಮರಳುವಾಗ ಅವಳು ದಾದಾಪೀರನ ಹಿಂದಿನ ಸೀಟಿನಲ್ಲಿ ಕೂತು, ಪ್ರಶ್ನೆಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಮುಂದೆ ಅದಿರಿನ ಲಾರಿ, ಸುತ್ತ ಕೆಂಪು ಧೂಳು. ದಾದಾಪೀರ ಕತ್ತು ಹೊರಗೆ ಚಾಚಿದ. ಕಣ್ಣು ಕಿರಿದು ಮಾಡಿದ.

“ಹೋಗ್ರಿ,” ಎಂದ.

ಎದುರಿಗೆ ಇನ್ನೊಂದು ಲಾರಿ ಬರುತ್ತಿತ್ತು. ಸಾವಕಾರರು ಎಡಕ್ಕೆ ಎಳೆದರು, ನನ್ನ ಮೂತಿ ತಪ್ಪಿಸಿಕೊಂಡಿತು. ಬಲಗಡೆಯ ಹಿಂಭಾಗ ತಪ್ಪಿಸಿಕೊಳ್ಳಲಿಲ್ಲ. ಶೈಲಜಾ ಅಲ್ಲೇ ಹೋದಳು.

ಸಾವಕಾರರ ತಲೆಗೆ ಪೆಟ್ಟಾಗಿ ಮೂರು ದಿನ ಎಚ್ಚರವಿರಲಿಲ್ಲ. ಎದ್ದಾಗ ಆ ದಿನದ ನೆನಪೇ ಅಳಿಸಿ ಹೋಗಿತ್ತು. ಅಷ್ಟರಲ್ಲಿ ಅವರ ಹೆಂಡತಿ ಹಂಪಮ್ಮ ದಾದಾಪೀರನನ್ನು ಕೇಳಿಯಾಗಿತ್ತು. ಅವನು ಅಳುತ್ತಾ ಹೇಳಿದ್ದ: “ನಾನು ತಡ್ರಿ ಅಂದೆ ಅಮ್ಮಾರ. ಸಾವಕಾರ್ರು ಕೇಳಲಿಲ್ಲ.”

ನನ್ನ ಮೈ ಮುರಿದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು. ಹಂಪಮ್ಮ ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟರು. ಒಂದೇ ಮನೆ, ಒಂದೇ ಅಡುಗೆ. ಒಂದು ಮಾತಿಲ್ಲ. ಬೇಕಾದದ್ದನ್ನು ಕೆಲಸದವಳ ಮೂಲಕ ಹೇಳಿಸುತ್ತಿದ್ದರು.

ನನ್ನನ್ನು ಹಿತ್ತಲಿನ ಶೆಡ್ಡಿಗೆ ತಳ್ಳಿದರು. ಸಾವಕಾರರು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಆದರೆ ಸಂಜೆಯಾದರೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ದಾದಾಪೀರನೂ ಬರುತ್ತಿದ್ದ. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ:

“ನೀ ತಡ್ರಿ ಅಂದ ಮ್ಯಾಲೂ ನಾ ಯಾಕ ಹೋದೆ ದಾದಾ? ಯಾವತ್ತೂ ಹಂಗ ಮಾಡಿದವನಲ್ಲ ನಾನು.”

“ಆಗಿದ್ದು ಆಗಿ ಹೋತು, ಬಿಡ್ರಿ ಸಾವಕಾರ್ರ,” ಎನ್ನುತ್ತಿದ್ದ ಅವನು.

ಬಾಯಿದ್ದವನು ಬಾಯಿ ಬಿಡಲಿಲ್ಲ. ನನಗೋ ಬಾಯಿಯೇ ಇಲ್ಲ. ಹಾರ್ನ್ ಇತ್ತು, ಬ್ಯಾಟರಿ ಸತ್ತಿತ್ತು. ಹತ್ತೊಂಬತ್ತು ವರ್ಷ ಹೀಗೆ ಕಳೆದವು. ದಾದಾಪೀರ ಪೂರ್ತಿ ಕುರುಡನಾದ. ಸಾವಕಾರರು ಆ ಪ್ರಶ್ನೆಯನ್ನು ಇಟ್ಟುಕೊಂಡೇ ತೀರಿಕೊಂಡರು.

ಅವರ ತಿಥಿ ಕಳೆದು ಮೂರು ತಿಂಗಳಿಗೆ ಮಗ ಗುರುಬಸವ ಹೊಸ ಕಾರು ತಂದು ನನ್ನ ಪಕ್ಕ ನಿಲ್ಲಿಸಿದ. ನನ್ನದೇ ಹೆಸರು, ಆರನೇ ತಲೆಮಾರು. ಅದೇ ಉದ್ದ ಮೂತಿ, ಮತ್ತೆ ಎಂಟು ಸಿಲಿಂಡರು. ಅದರ ಗುಡುಗು ಕೇಳಿ, ಸುಳ್ಳೇಕೆ ಹೇಳಲಿ, ಎದೆ ತುಂಬಿ ಬಂತು. ಅಪ್ಪನ ಕಾಲದವನೆಂದು ಗುರುಬಸವ ದಾದಾಪೀರನನ್ನೂ ಆಟೋದಲ್ಲಿ ಕರೆಸಿದ. ಹಂಪಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು.

ದಾದಾಪೀರ ಹೊಸದರ ಮೂತಿ ಸವರಿದ, ದೀಪ ಸವರಿದ, ಎಡಬಾಗಿಲು ತೆಗೆದು ಒಳಗೆ ಕೈ ಹಾಕಿದ. ಕೈ ಗಾಳಿಯಲ್ಲಿ ತಡಕಾಡಿತು.

“ಸ್ಟೀರಿಂಗ್ ಎಲ್ಲೈತಪ?”

“ಬಲಕ್ಕೈತಿ ಕಾಕಾ. ನಮ್ಮ ರೋಡಿಗೆ ತಕ್ಕಂಗ ಮಾಡ್ಯಾರ. ಓಡಿಸೋರಿಗೇ ಎಲ್ಲಾ ಕಾಣತೈತಿ, ಬಾಜೂಕ ಕೂತು ಹೇಳೋರು ಬೇಕಾಗಿಲ್ಲ.”

ಅವನು ನಮ್ಮಿಬ್ಬರ ನಡುವೆ ನೆಲದ ಮೇಲೆ ಕುಸಿದು ಕೂತ. ಹಂಪಮ್ಮನ ಕೆಮ್ಮು ಕೇಳಿ ಕಟ್ಟೆಯ ಕಡೆ ಮುಖ ಮಾಡಿದ.

“ಅಮ್ಮಾರ, ಅವತ್ತು ಸಾವಕಾರ್ರ ತಪ್ಪಿರಲಿಲ್ಲ. ನಾನು ತಡ್ರಿ ಅನ್ನಲಿಲ್ಲ, ಹೋಗ್ರಿ ಅಂದೆ. ನಂಗ ಲಾರಿ ಕಾಣಲಿಲ್ಲ. ಅದಕ್ಕೂ ಎರಡು ವರ್ಷ ಮೊದಲಿಂದ ದೂರದ್ದು ಏನೂ ಕಾಣತಿರಲಿಲ್ಲ.”

ಗುರುಬಸವ ನುಗ್ಗಿ ಅವನ ಅಂಗಿ ಹಿಡಿದ. ಹಂಪಮ್ಮ ಕೈಯೆತ್ತಿ ತಡೆದರು. ಅವರು ಬೈಯುತ್ತಾರೆ, ಶಾಪ ಹಾಕುತ್ತಾರೆ ಎಂದು ನಾನು ಕಾದೆ.

“ಸಾಯೋ ದಿವಸ ಅವರು ನನ್ನ ಹೆಸರು ಹಿಡಿದು ನೀರು ಕೇಳಿದ್ರು,” ಎಂದರು. “ನಾನು ಕೆಲಸದಾಕಿ ಕೈಯಾಗ ಕಳಿಸಿದೆ ದಾದಾಪೀರ. ಒಳಗ ಹೋಗಲಿಲ್ಲ.”

ಈಗ ನನಗೆ ಐವತ್ತು ದಾಟಿದೆ. ತಳ ತುಕ್ಕು ಹಿಡಿದಿದೆ, ಸೀಟಿನೊಳಗೆ ಇಲಿಗಳ ಸಂಸಾರ. ದಾದಾಪೀರ ಆಮೇಲೆ ಬರಲಿಲ್ಲ. ನನ್ನ ತಲೆಮಾರಿನ ಐಬನ್ನು ಆರನೇ ತಲೆಮಾರಿನಲ್ಲಿ ತಿದ್ದಿದರು, ಕಬ್ಬಿಣವನ್ನು ತಿದ್ದಬಹುದು. ಗುಜರಿಯವರು ನಾಳೆ ಬರುತ್ತಾರೆ.

ಇವತ್ತು ಸಂಜೆ ಹಂಪಮ್ಮ ಒಬ್ಬರೇ ಶೆಡ್ಡಿಗೆ ಬಂದರು. ಬಿಗಿದಿದ್ದ ಬಲಬಾಗಿಲನ್ನು ಎರಡೂ ಕೈಯಿಂದ ಎಳೆದು ಒಳಗೆ ಕೂತು, ಸೆರಗು ಸರಿಮಾಡಿಕೊಂಡರು. ಸ್ಟೀರಿಂಗಿನ ಹತ್ತಿರ ಸಾವಕಾರರು ಕೂರುತ್ತಿದ್ದ ಖಾಲಿ ಸೀಟಿನ ಕಡೆ ತಿರುಗಿದರು. ಕೇಳಿದರು:

“ಊಟ ಆತೇನ್ರಿ?”