ಸುಣ್ಣದ ತಿಳಿ

ಮನೋಳಿಯ ಸಿದ್ದಲಿಂಗವ್ವನಿಗೆ ಡಾಕ್ಟರ ಮಾತು ಅರ್ಥವೇ ಆಗಲಿಲ್ಲ ಎನ್ನುವಂತಿಲ್ಲ. ಅರ್ಧ ಅರ್ಥವಾಯಿತು, ಅದೇ ಘಾತವಾಯಿತು. ಗಂಡನನ್ನು ನುಂಗಿದ ಕಿಡ್ನಿ ರೋಗ ಮಗ ವಿಜಯನಿಗೂ ಬಂದಿತ್ತು. ಎರಡೂ ಕಿಡ್ನಿಯ ತುಂಬ ನೀರಗುಳ್ಳೆ. ೨೦೦೪ರ ಬೇಸಿಗೆಯಲ್ಲಿ ಬೆಳಗಾವಿಯ ಡಾಕ್ಟರು, ಪಾಪ, ಇವರಿಗೆ ತಿಳಿಯಲೆಂದು ಕನ್ನಡದಲ್ಲೇ ಬಿಡಿಸಿ ಹೇಳಿದ್ದರು.

"ಕಿಡ್ನಿಯ ಒಂದೊಂದು ಜೀವಕಣಕ್ಕೂ ಒಂದು ಸಣ್ಣ ಕೂದಲು ಇರತೈತಿ. ಮೂತ್ರ ಹರಿದಾಗ ಅದು ಬಾಗತೈತಿ. ಬಾಗಿದ ಕೂಡ್ಲೆ ಕಣದೊಳಗ ಸುಣ್ಣದ ಅಂಶ ಹೋಗಬೇಕು. ಇವರಿಗೆ ಹೋಗವಲ್ದು. ಅದಕ್ಕಽ ಕಣ ದಿಕ್ಕು ತಪ್ಪಿ ಗುಳ್ಳಿ ಆಗ್ಯಾವ."

ಕೂದಲು, ಕಣ ಎಲ್ಲ ಸಿದ್ದಲಿಂಗವ್ವನ ತಲೆಯ ಮೇಲಿಂದ ಹಾರಿಹೋದವು. ಸುಣ್ಣ ಮಾತ್ರ ಉಳಿಯಿತು. ಊರ ಬಾಣಂತಿಯರಿಗೆಲ್ಲ ಸುಣ್ಣದ ತಿಳಿನೀರು ಕುಡಿಸಿದ ಕೈ ಅವಳದು. ಡಾಕ್ಟರೇ ಹೇಳಿದ ಮೇಲೆ ಕೇಳಬೇಕೇ? ದಿನಾ ಬೆಳಿಗ್ಗೆ ಮಜ್ಜಿಗೆಗೆ ತಿಳಿ ಬೆರೆಸಿ ಕೊಟ್ಟಳು. ಸಾಲದೆಂದು ಸವದತ್ತಿಯ ಔಷಧಿ ಅಂಗಡಿಯಿಂದ ಕ್ಯಾಲ್ಸಿಯಂ ಗುಳಿಗೆಯನ್ನೂ ತರಿಸಿದಳು. ವಿಜಯ ಮುಖ ಕಿವಿಚಿದರೆ, "ಕಣ್ಣ ಮುಚ್ಚಿ ಕುಡಿ ನನ್ನಪ್ಪ. ನಿಮ್ಮಪ್ಪಗ ಇದನ್ನ ಯಾರೂ ಹೇಳಲಿಲ್ಲ," ಎನ್ನುತ್ತಿದ್ದಳು.

ಶ್ರಾವಣದ ಹೊತ್ತಿಗೆ ಅವನಿಗೆ ವಾಂತಿ ಹತ್ತಿತು, ಮಾತು ತೊದಲಿತು. ಆಸ್ಪತ್ರೆಯಲ್ಲಿ ರಕ್ತ ತಪಾಸಣೆಯ ವರದಿ ನೋಡಿ ಡಾಕ್ಟರು ಸಿಟ್ಟಾದರು.

"ಸುಣ್ಣ ಮಿತಿ ಮೀರೇತಿ. ಯಾರು ಕೊಟ್ಟಾರಿದನ್ನ? ರಕ್ತದಾಗ ಅದಕ್ಕೇನೂ ಕೊರತಿ ಇರಲಿಲ್ಲ. ಕೂದಲಿನ ಸನ್ನೆ ಒಳಗ ಮುಟ್ಟವಲ್ದು, ಕಣದ ಬಾಗಿಲಾ ತೆರೀವಲ್ದು, ಅಷ್ಟಽ. ಹೊರಗ ಎಷ್ಟು ಸುರುವಿದ್ರೇನು? ಅಷ್ಟಿಷ್ಟು ಉಳಿದಿದ್ದ ಕಿಡ್ನೀನೂ ಕೆಟ್ಟು ಹೋತು."

ಸಿದ್ದಲಿಂಗವ್ವ ಬಾಯಿ ತೆರೆದಳು. ನಾನೇ ಎನ್ನಬೇಕು, ಅಷ್ಟರಲ್ಲಿ ವಿಜಯ ಅವಳ ಮುಂಗೈ ಹಿಡಿದ.

"ನಾನಽ ತಂದು ತಗೊಂಡೇನ್ರಿ ಸರ್. ಅವ್ವಗ ಗೊತ್ತಿಲ್ಲ."

ಹೇಡಿಯಂತೆ ಅವಳು ಸುಮ್ಮನಾದಳು. ಮಗ ಆ ವಾರ ದಾಟಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರು ಅವಳನ್ನು ಸುತ್ತಿ ಕುಳಿತರು. ನೆರೆಮನೆಯ ಕರೆವ್ವ ಕಣ್ಣೊರೆಸಿಕೊಂಡು, "ನಿನ್ನಂಗ ಮಗನ್ನ ಜ್ವಾಕಿ ಮಾಡಿದಾಕಿ ಈ ಊರಾಗಿಲ್ಲವ್ವಾ," ಎಂದಳು.

"ನಾನಽ ಕೊಂದೆ, ಕರೆವ್ವ. ಸುಣ್ಣ ಕುಡಿಸಿ ಕೊಂದೆ."

ಕರೆವ್ವ ಅವಳ ತಲೆಯನ್ನು ಎದೆಗೊತ್ತಿಕೊಂಡಳು. "ದುಃಖಕ್ಕ ಬಾಯಿಗೆ ಬಂದಂಗ ಅನ್ನಾಕತ್ತಾಳ," ಎಂದು ಉಳಿದವರಿಗೆ ಹೇಳಿದಳು. "ಹುಡುಗ ತಾನಽ ತಗೊಂಡಿದ್ದನಂತ. ಡಾಕ್ಟರ ಮುಂದ ಅವನಽ ಹೇಳ್ಯಾನ."

ಎಲ್ಲರೂ ಹೌದು ಹೌದು ಎಂದರು.